ಮಾಣಿ ಎಂಬ ಕಾರ್ಮಿಕ: ಮುಂಬಯಿಯ ದುಡಿಮೆ ಮತ್ತು ರಕ್ಷಣೆಯ ಶಾಸನಗಳು

ಕನ್ನಡದಲ್ಲಿ ‘ಮಾಣಿ’ ಎಂಬ ಮಾತಿಗೆ ವಟು, ಎಳೆಯ ಹುಡುಗ ಎಂಬುದು ಮೊದಲ ಅರ್ಥ. ಹೋಟೆಲಿನಲ್ಲಿ ತಿಂಡಿ ತಂದಿಡುವವನು ಎಂಬ ಅರ್ಥ ಅದಕ್ಕೆ ಆಮೇಲೆ ಬಂದುದು. ತಲೆ ನರೆತವನನ್ನೂ ಮಾಣಿ ಎಂದೇ ಕರೆಯುವ ರೂಢಿಯಲ್ಲಿ ಒಂದು ಸಾಮಾಜಿಕ ಚರಿತ್ರೆ ಅಡಗಿದೆ. ಈ ಕೆಲಸಕ್ಕೆ ಬರುತ್ತಿದ್ದವರು ಹುಡುಗರು. ಬೆಳೆದರೂ ಅವರ ಹೆಸರು ಬೆಳೆಯಲಿಲ್ಲ. ಅವಿಭಜಿತ ದಕ್ಷಿಣ ಕನ್ನಡದಿಂದ ಮುಂಬಯಿಗೆ ಬಂದ ಇಂಥ ಸಾವಿರಾರು ಹುಡುಗರು ಹಗಲು ಹೋಟೆಲುಗಳಲ್ಲಿ ದುಡಿದು, ರಾತ್ರಿ ಕನ್ನಡಿಗರೇ ಕಟ್ಟಿದ ಶಾಲೆಗಳಲ್ಲಿ ಓದಿದರು. ಹೊರನಾಡ ಕನ್ನಡಿಗರ ಸಾಧನೆಯನ್ನು ಹೇಳುವಾಗ ಈ ರಾತ್ರಿಶಾಲೆಗಳ ಪ್ರಸ್ತಾಪ ತಪ್ಪದೆ ಬರುತ್ತದೆ. ಆ ಹುಡುಗರ ಹಗಲು ಯಾವ ಕಾನೂನಿನ ಆಶ್ರಯದಲ್ಲಿತ್ತು ಎಂಬ ಪ್ರಶ್ನೆ ಮಾತ್ರ ಅಷ್ಟಾಗಿ ಎದ್ದಿಲ್ಲ.

ಒಂದು ದೇಶವು ತನ್ನ ದುಡಿಮೆಗಾರರ ಸುರಕ್ಷತೆ, ಆರೋಗ್ಯ, ಕ್ಷೇಮಗಳನ್ನು ಕಾಯುವುದು ಮುಖ್ಯವಾಗಿ ನಿರೂಪಣೆಗಳ ಮೂಲಕ. ಯಾವುದು ಕಾರ್ಖಾನೆ, ಯಾರು ಕಾರ್ಮಿಕ, ಎಷ್ಟು ವಯಸ್ಸಿನವರೆಗೆ ಮಗು ಎಂದು ಶಾಸನವು ಹೇಳಿದ ಕ್ಷಣದಲ್ಲೇ ಕೆಲವರು ಅದರ ನೆರಳಿಗೆ ಬರುತ್ತಾರೆ, ಕೆಲವರು ಹೊರಗೆ ಉಳಿಯುತ್ತಾರೆ. ಪದಗಳ ಅರ್ಥವ್ಯಾಪ್ತಿಯನ್ನು ಅಳೆಯುವ ಅಭ್ಯಾಸವುಳ್ಳ ಭಾಷಾ ವಿದ್ಯಾರ್ಥಿಗಳಿಗೆ ಈ ಕಾರಣದಿಂದ ಕಾರ್ಮಿಕ ಶಾಸನಗಳ ಇತಿಹಾಸ ಅನ್ಯವಾದ ವಿಷಯವೇನಲ್ಲ. ಆ ಇತಿಹಾಸದ ಬಹುಭಾಗ ನಡೆದುದಂತೂ ಮುಂಬಯಿಯಲ್ಲಿಯೇ.

1854ರಲ್ಲಿ ಕಾವಸ್‌ಜಿ ದಾವರ್ ಅವರು ಮುಂಬಯಿಯ ಮೊದಲ ಹತ್ತಿಗಿರಣಿಯನ್ನು ಸ್ಥಾಪಿಸಿದರು. ಮುಂದಿನ ಎರಡು ದಶಕಗಳಲ್ಲಿ ಗಿರಣಿಗಳು ಬೆಳೆದವು. ಅವುಗಳೊಳಗಿನ ಸ್ಥಿತಿಯನ್ನು ವಿಚಾರಿಸಲು 1875ರಲ್ಲಿ ಒಂದು ಆಯೋಗ ನೇಮಕವಾಯಿತು. 1878ರಲ್ಲಿ ಸೊರಾಬ್ಜಿ ಶಾಪೂರ್ಜಿ ಬಂಗಾಲಿ ಅವರು ಸ್ವತಃ ಒಂದು ಮಸೂದೆಯನ್ನು ಸಿದ್ಧಪಡಿಸಿದರು. ಇದೇ ಕಾಲಕ್ಕೆ ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿ ಮಾಲೀಕರೂ ಭಾರತದಲ್ಲಿ ಕಾರ್ಖಾನೆ ಕಾನೂನು ಬೇಕೆಂದು ಒತ್ತಾಯಿಸತೊಡಗಿದ್ದರು. ಅವರ ಕರುಣೆಯ ಹಿಂದೆ ಮುಂಬಯಿಯ ಅಗ್ಗದ ನೂಲಿನ ಭಯವಿತ್ತೆಂಬುದು ಎಲ್ಲರಿಗೂ ತಿಳಿದಿತ್ತು. ಆದುದರಿಂದಲೇ ಇಲ್ಲಿನ ಅನೇಕ ದೇಶಾಭಿಮಾನಿಗಳು ಆ ಕಾನೂನನ್ನು ವಿರೋಧಿಸಿದರು. ಎರಡು ಸ್ವಾರ್ಥಗಳ ತಿಕ್ಕಾಟದ ನಡುವೆ ಮಗ್ಗದ ಬಳಿ ನಿಂತ ಮಗುವಿಗೆ ಅಷ್ಟಿಷ್ಟು ಲಾಭವಾದುದು ಚರಿತ್ರೆಯ ವಿಚಿತ್ರಗಳಲ್ಲೊಂದು.

1881ರ ಕಾರ್ಖಾನೆ ಕಾಯಿದೆಯು ಯಂತ್ರಶಕ್ತಿಯಿಂದ ನಡೆಯುವ, ನೂರು ಅಥವಾ ಹೆಚ್ಚು ಜನರಿರುವ ಸ್ಥಳಗಳಿಗೆ ಅನ್ವಯವಾಯಿತು. ಏಳು ವರ್ಷದೊಳಗಿನ ಮಕ್ಕಳನ್ನು ದುಡಿಸಬಾರದು; ಏಳರಿಂದ ಹನ್ನೆರಡರವರೆಗಿನ ಮಕ್ಕಳು ದಿನಕ್ಕೆ ಒಂಬತ್ತು ಗಂಟೆ ಮೀರಿ ದುಡಿಯಬಾರದು; ಅಪಾಯಕರ ಯಂತ್ರಗಳಿಗೆ ಬೇಲಿ ಇರಬೇಕು. ಇಷ್ಟೇ ಅದರ ಸಾರ. ಪ್ರೌಢ ಗಂಡಸರು, ಹೆಂಗಸರು ಎಷ್ಟು ಹೊತ್ತು ದುಡಿಯಬೇಕೆಂಬ ಬಗ್ಗೆ ಅದು ಮೌನವಾಗಿತ್ತು.

ಈ ಮೌನವನ್ನು ಪ್ರಶ್ನಿಸಿದವರು ನಾರಾಯಣ ಮೇಘಾಜಿ ಲೋಖಂಡೆ. ಜ್ಯೋತಿಬಾ ಫುಲೆಯವರ ಸತ್ಯಶೋಧಕ ಪರಂಪರೆಗೆ ಸೇರಿದ, ‘ದೀನಬಂಧು’ ಪತ್ರಿಕೆಯನ್ನು ನಡೆಸಿದ ಲೋಖಂಡೆಯವರು 1884ರಲ್ಲಿ ಗಿರಣಿ ಕಾರ್ಮಿಕರ ಸಭೆಗಳನ್ನು ಸೇರಿಸಿ ವಾರಕ್ಕೊಂದು ರಜೆ, ನಡುಹಗಲಿನ ಬಿಡುವು, ಕಾಲಕ್ಕೆ ಸರಿಯಾಗಿ ಕೂಲಿ, ಗಾಯಗೊಂಡವರಿಗೆ ನೆರವು ಎಂಬ ಬೇಡಿಕೆಗಳನ್ನು ಮುಂದಿಟ್ಟರು. 1890ರಲ್ಲಿ ಗಿರಣಿ ಮಾಲೀಕರ ಸಂಘವು ಭಾನುವಾರದ ರಜೆಯನ್ನು ಒಪ್ಪಿಕೊಂಡಿತು. ಮರುವರ್ಷದ ತಿದ್ದುಪಡಿಯು ವಾರದ ರಜೆಯನ್ನು ಕಾನೂನಿನಲ್ಲಿಯೇ ಸೇರಿಸಿ, ದುಡಿಯುವ ಮಕ್ಕಳ ಕನಿಷ್ಠ ವಯಸ್ಸನ್ನು ಒಂಬತ್ತಕ್ಕೆ ಏರಿಸಿ, ಹೆಂಗಸರ ದುಡಿಮೆಯನ್ನು ಹನ್ನೊಂದು ಗಂಟೆಗಳಿಗೆ ಮಿತಗೊಳಿಸಿತು. ಇಂದು ನಾವೆಲ್ಲ ಸಹಜವೆಂದು ಭಾವಿಸುವ ವಾರದ ಬಿಡುವು ಹೀಗೆ ಪರೇಲಿನ ಮೈದಾನಗಳಲ್ಲಿ ಕೇಳಿ ಪಡೆದುದು.

ಗಂಡಸರ ಪಾಲಿಗೆ ಸೂರ್ಯನೇ ಕಾನೂನಾಗಿದ್ದ. ಬೆಳಕು ಹರಿದ ಮೇಲೆ ಯಂತ್ರ ಓಡುತ್ತಿತ್ತು, ಕತ್ತಲಾದಾಗ ನಿಲ್ಲುತ್ತಿತ್ತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಗಿರಣಿಗಳಿಗೆ ವಿದ್ಯುದ್ದೀಪ ಬಂದಾಗ ಆ ಮಿತಿಯೂ ಹೋಯಿತು; ವ್ಯಾಪಾರ ಏರಿದ ಕಾಲದಲ್ಲಿ ದುಡಿಮೆ ಹದಿನಾಲ್ಕು ಗಂಟೆಗಳನ್ನು ಮುಟ್ಟಿತು. ಆಗ ಎದ್ದ ಪ್ರತಿಭಟನೆ ಮತ್ತು ವಿಚಾರಣೆಗಳ ಫಲವಾಗಿ 1911ರಲ್ಲಿ ಬಟ್ಟೆಗಿರಣಿಗಳ ಪ್ರೌಢ ಗಂಡಸರಿಗೆ ಮೊದಲ ಬಾರಿ ಹನ್ನೆರಡು ಗಂಟೆಗಳ ಮಿತಿ ಬಂದಿತು. ಮುಂದೆ 1922ರಲ್ಲಿ ವಾರಕ್ಕೆ 60, 1934ರಲ್ಲಿ 54, 1946ರಲ್ಲಿ 48 ಗಂಟೆ ಎಂದು ಅದು ಇಳಿಯಿತು. ಒಂದು ಹೊಸ ಸಾಧನವು ದುಡಿಮೆಗಾರನ ದಿನವನ್ನು ಹಿಗ್ಗಿಸುವುದು, ಕಾನೂನು ಹಿಂದಿನಿಂದ ಓಡಿಬಂದು ಅದನ್ನು ತಡೆಯುವುದು ಈ ಒಂದು ಪ್ರಸಂಗಕ್ಕೆ ಮುಗಿದ ಕಥೆಯಲ್ಲ.

ಗಿರಣಿಯ ಬೇಲಿಯಾಚೆಗಿನ ಆರೋಗ್ಯವನ್ನು ಸರ್ಕಾರಕ್ಕೆ ಕಾಣಿಸಿದ್ದು ಪ್ಲೇಗು. 1896ರ ಸೆಪ್ಟೆಂಬರಿನಲ್ಲಿ ಮಾಂಡವಿ ಭಾಗದಲ್ಲಿ ಡಾ. ಅಕಾಸಿಯೊ ವಿಯೆಗಾಸ್ ಅವರು ರೋಗವನ್ನು ಗುರುತಿಸಿದರು. ಜನ ಊರುಬಿಟ್ಟು ಓಡಿದರು. ಗಿರಣಿಗಳು ಆಳಿಲ್ಲದೆ ಸೊರಗಿದವು. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ ಈ ಆತಂಕದ ಕೂಸು. ಅದು ಸರ್ಕಾರಕ್ಕೆ ತಪಾಸಣೆ ಮಾಡುವ, ಪ್ರತ್ಯೇಕಿಸುವ, ತಡೆಯುವ ಅಪಾರ ಅಧಿಕಾರವನ್ನು ಕೊಟ್ಟಿತು. ರೋಗಿಗೆ ಹಕ್ಕು ಎಂಬುದನ್ನು ಮಾತ್ರ ಕೊಡಲಿಲ್ಲ. ಮರುವರ್ಷ ಹುಟ್ಟಿದ ನಗರ ಸುಧಾರಣಾ ಮಂಡಲಿಯು ಕೊಳಕು ಚಾಳುಗಳನ್ನು ಕೆಡವಿತು. ಕೆಡವಿದಷ್ಟು ಬೇಗ ಬಡವರಿಗಾಗಿ ಕಟ್ಟಲು ಅದಕ್ಕೆ ಆಗಲಿಲ್ಲ. ಸಾರ್ವಜನಿಕ ಆರೋಗ್ಯವೆಂದರೆ ಅಧಿಕಾರವೋ ಸೇವೆಯೋ ಎಂಬ ಗೊಂದಲ 2020ರ ಕೋವಿಡ್ ಕಾಲದಲ್ಲಿ, ಅದೇ ಕಾಯಿದೆಯನ್ನು ಪುನಃ ಹೊರತೆಗೆದಾಗಲೂ ಉಳಿದಿತ್ತು.

ಅಪಘಾತಕ್ಕೆ ಪರಿಹಾರ ಕೊಡುವ ವಿಚಾರದಲ್ಲಿ ನಿಜವಾದ ತಿರುವು ಬಂದುದು 1923ರಲ್ಲಿ. ಅದಕ್ಕೆ ಮೊದಲು ಕೈ ಕಳೆದುಕೊಂಡ ಕಾರ್ಮಿಕನು ಮಾಲೀಕನ ತಪ್ಪನ್ನು ನ್ಯಾಯಾಲಯದಲ್ಲಿ ಸಾಬೀತುಪಡಿಸಬೇಕಾಗಿತ್ತು. ಕಾರ್ಮಿಕ ಪರಿಹಾರ ಕಾಯಿದೆಯು ಈ ತಾರ್ಕಿಕ ಭಾರವನ್ನು ತೆಗೆದುಹಾಕಿತು: ಗಾಯವು ಕೆಲಸದ ಕಾರಣದಿಂದ, ಕೆಲಸದ ಅವಧಿಯಲ್ಲಿ ಆಗಿದ್ದರೆ ಸಾಕು, ತಪ್ಪು ಯಾರದೇ ಇರಲಿ, ಮಾಲೀಕ ಸಾಮಾನ್ಯವಾಗಿ ಹೊಣೆ. 1929ರಲ್ಲಿ ಮುಂಬಯಿ ಪ್ರಾಂತವು ಹೆರಿಗೆ ಸೌಲಭ್ಯದ ಕಾಯಿದೆಯನ್ನು ಮಾಡಿತು. ಹಿಂದಿನ ವರ್ಷ ಪ್ರಾಂತೀಯ ಶಾಸನಸಭೆಯಲ್ಲಿ ಆ ಮಸೂದೆಯನ್ನು ಬೆಂಬಲಿಸಿದವರಲ್ಲಿ ಡಾ. ಬಿ. ಆರ್. ಅಂಬೇಡ್ಕರ್ ಒಬ್ಬರು.

ಪರಿಹಾರ ಕಾಯಿದೆಗೂ ಒಂದು ಕೊರತೆಯಿತ್ತು. ಹಣ ಕೊಡಬೇಕಾದವನು ಒಬ್ಬ ಮಾಲೀಕ. ಅವನು ದಿವಾಳಿಯಾದರೆ, ತಲೆತಪ್ಪಿಸಿಕೊಂಡರೆ, ಕಾನೂನು ಕಾಗದವಾಗುತ್ತಿತ್ತು. ಪ್ರೊ. ಬಿ. ಪಿ. ಅಡಾರ್‌ಕರ್ ಅವರ 1944ರ ವರದಿಯು ಇದಕ್ಕೆ ವಿಮೆಯ ದಾರಿಯನ್ನು ತೋರಿಸಿತು. 1948ರ ಕಾರ್ಮಿಕ ರಾಜ್ಯ ವಿಮಾ ಕಾಯಿದೆ ಅದರ ಫಲ. ಯೋಜನೆಯು 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಗಳಲ್ಲಿ ಆರಂಭವಾಯಿತು. ಮಾಲೀಕನೂ ಕಾರ್ಮಿಕನೂ ಪ್ರತಿ ತಿಂಗಳು ಒಂದು ಪಾಲನ್ನು ನಿಧಿಗೆ ಹಾಕುತ್ತಾರೆ. 2019ರ ಜುಲೈಯಿಂದ ಈ ಪಾಲು ಕೂಲಿಯ ಶೇ. 3.25 ಮತ್ತು ಶೇ. 0.75. ಕಾಯಿಲೆಯಾದಾಗ ಚಿಕಿತ್ಸೆ, ರಜೆಯ ದಿನಗಳಿಗೆ ಕೂಲಿಯ ಒಂದಂಶ, ಅಂಗ ಊನವಾದರೆ ಮಾಸಾಶನ, ಸತ್ತರೆ ಕುಟುಂಬಕ್ಕೆ ಆಧಾರ, ಇವೆಲ್ಲ ಆ ನಿಧಿಯಿಂದ. ಎಲ್ಲರ ಅಪಾಯವನ್ನು ಎಲ್ಲರೂ ಹಂಚಿಕೊಳ್ಳುವ ಈ ಕ್ರಮದಲ್ಲಿ ಒಬ್ಬ ಮಾಲೀಕನ ದುರ್ಬುದ್ಧಿಗೆ ಅಥವಾ ದುರ್ದೆಸೆಗೆ ಕಾರ್ಮಿಕ ಬಲಿಯಾಗುವುದಿಲ್ಲ. ಆಸ್ಪತ್ರೆಗಳ ಗುಣಮಟ್ಟದ ಬಗೆಗೆ ದೂರುಗಳು ಇಲ್ಲದಿಲ್ಲ. ಆದರೂ ತತ್ತ್ವದ ದೃಷ್ಟಿಯಿಂದ ಸ್ವತಂತ್ರ ಭಾರತದ ಕ್ಷೇಮಶಾಸನಗಳಲ್ಲಿ ಇದಕ್ಕೆ ಹಿರಿಯ ಸ್ಥಾನ ಸಲ್ಲಬೇಕು.

ಅದೇ 1948ರಲ್ಲಿ ಬಂದ ಕಾರ್ಖಾನೆ ಕಾಯಿದೆಯು ಕನಿಷ್ಠ ವಯಸ್ಸನ್ನು ಹದಿನಾಲ್ಕಕ್ಕೆ ಏರಿಸಿ, ಗಾಳಿ, ಬೆಳಕು, ಕುಡಿಯುವ ನೀರು, ಶೌಚಾಲಯ, ಕೂಸುಮನೆಗಳವರೆಗೆ ನಿಯಮಗಳನ್ನು ವಿಸ್ತರಿಸಿತು. ಆದರೆ ಬೇಲಿ ಯಂತ್ರಕ್ಕೆ ಹಾಕಬಹುದು, ವಿಷಾನಿಲಕ್ಕೆ ಹಾಕಲಾಗದು. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಸೋರಿದ ಅನಿಲವು ಕಾರ್ಖಾನೆಯ ಆವರಣಕ್ಕೂ ಊರಿಗೂ ನಡುವಿನ ಗೆರೆ ಎಷ್ಟು ಕಾಲ್ಪನಿಕವೆಂಬುದನ್ನು ತೋರಿಸಿತು. 1986ರ ಪರಿಸರ ಸಂರಕ್ಷಣಾ ಕಾಯಿದೆಯೂ 1987ರ ಕಾರ್ಖಾನೆ ಕಾಯಿದೆಯ ತಿದ್ದುಪಡಿಯೂ ಅದರ ಪರಿಣಾಮಗಳು. ಅಪಾಯದ ವಿವರಗಳನ್ನು ಕಾರ್ಮಿಕರಿಗೂ ಸುತ್ತಲಿನ ಜನರಿಗೂ ತಿಳಿಸಬೇಕು, ಸುರಕ್ಷತಾ ಸಮಿತಿಯಲ್ಲಿ ಕಾರ್ಮಿಕರಿಗೆ ಸಮಪಾಲು ಇರಬೇಕು, ಸನ್ನಿಹಿತ ಅಪಾಯವನ್ನು ಕಂಡರೆ ಎಚ್ಚರಿಸುವುದು ಕಾರ್ಮಿಕನ ಹಕ್ಕು ಎಂಬ ಅಂಶಗಳು ಆಗ ಸೇರಿದವು. ಅದುವರೆಗೆ ಕಾನೂನಿನ ಕಣ್ಣಿನಲ್ಲಿ ರಕ್ಷಣೆ ಪಡೆಯುವವನಷ್ಟೇ ಆಗಿದ್ದ ಕಾರ್ಮಿಕನು ಇಲ್ಲಿ ತಿಳಿಯುವವನೂ ಹೇಳುವವನೂ ಆದನು.

ತಿಳಿಸುವುದು ಎಂದೊಡನೆ ಭಾಷೆಯ ಪ್ರಶ್ನೆ ಬರುತ್ತದೆ. 1948ರ ಕಾಯಿದೆಯ ಪ್ರಕಾರ ನಿಯಮಗಳ ಸಾರಾಂಶವನ್ನು ಇಂಗ್ಲಿಷಿನಲ್ಲಿಯೂ ಆ ಕಾರ್ಖಾನೆಯ ಬಹುಸಂಖ್ಯಾತ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿಯೂ ಫಲಕದಲ್ಲಿ ಹಾಕಬೇಕಾಗಿತ್ತು. ಸರಿಯಾದ ನಿಯಮವೇ. ಆದರೆ ಮರಾಠಿಯವರು ಹೆಚ್ಚಿರುವ ಗಿರಣಿಯಲ್ಲಿ ಕನ್ನಡ ಮಾತ್ರ ಬಲ್ಲವನ ಗತಿಯೇನು? ಅವನು ಯಂತ್ರದ ಅಪಾಯವನ್ನು ಪಕ್ಕದವನ ಕೈಸನ್ನೆಯಿಂದ ಕಲಿತನು. ಹೊರನಾಡಿನಲ್ಲಿ ಮಾತೃಭಾಷೆಯ ಪ್ರಶ್ನೆಯನ್ನು ಸಂಸ್ಕೃತಿಯ ಪ್ರಶ್ನೆಯೆಂದಷ್ಟೇ ಚರ್ಚಿಸುವವರು ಅದು ಕೈಬೆರಳುಗಳ ಪ್ರಶ್ನೆಯೂ ಹೌದೆಂಬುದನ್ನು ಗಮನಿಸುವುದು ಒಳ್ಳೆಯದು.

ಇನ್ನು ಹೋಟೆಲಿಗೆ ಬರಬಹುದು. ಭಟ್ಟಿ, ಕುದಿವ ಎಣ್ಣೆ, ರುಬ್ಬುವ ಯಂತ್ರ, ಜಾರುವ ನೆಲ ಇಷ್ಟೂ ಇರುವ ಅಡುಗೆಮನೆಯು ಸಾಮಾನ್ಯ ಬುದ್ಧಿಗೆ ಕಾರ್ಖಾನೆಯೇ. ಕಾನೂನಿಗೆ ಅಲ್ಲ. ‘ಕಾರ್ಖಾನೆ’ ಎಂಬುದರ ನಿರೂಪಣೆಯಿಂದ ಹೋಟೆಲು, ಉಪಾಹಾರಗೃಹಗಳನ್ನು 1976ರ ತಿದ್ದುಪಡಿಯು ಸ್ಪಷ್ಟ ಮಾತಿನಲ್ಲಿ ಹೊರಗಿಟ್ಟಿತು. ಹೋಟೆಲು ಕಾರ್ಮಿಕನ ಕಾನೂನು ಬೇರೆಯಾಗಿತ್ತು: 1939ರ ಮುಂಬಯಿ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ಮತ್ತು ಅದರ ಸ್ಥಾನದಲ್ಲಿ ಬಂದ 1948ರ ಕಾಯಿದೆ. ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೊಂದು ರಜೆ ಎಂದು ಇದು ಹೇಳಿತು. ಆದರೆ ಹೋಟೆಲಿನ ಒಂಬತ್ತು ಗಂಟೆ ಗಿರಣಿಯ ಒಂಬತ್ತು ಗಂಟೆಯಲ್ಲ. ನಸುಕಿನ ಇಡ್ಲಿಯಿಂದ ರಾತ್ರಿಯ ಊಟದವರೆಗೆ ದುಡಿಮೆ ತುಂಡುತುಂಡಾಗಿ ಹರಡಿಕೊಳ್ಳುತ್ತದೆ. ನಡುವಿನ ಬಿಡುವು ಲೆಕ್ಕಕ್ಕೆ ಬಿಡುವು, ವಾಸ್ತವದಲ್ಲಿ ಕಾಯುವಿಕೆ. ಹುಡುಗನು ಮಲಗುವುದೂ ಅದೇ ಹೋಟೆಲಿನ ಮೇಜುಗಳ ಮೇಲಾದರೆ ಅವನ ದಿನ ಎಲ್ಲಿ ಮುಗಿಯಿತೆಂದು ಯಾವ ತಪಾಸಣಾಧಿಕಾರಿಯೂ ಹೇಳಲಾರ. ಮಾಲೀಕನು ಊರಿನವನೇ, ಎಷ್ಟೋ ಬಾರಿ ನೆಂಟನೇ ಆಗಿರುತ್ತಿದ್ದುದು ಇನ್ನೊಂದು ತೊಡಕು. ಅನ್ನ, ಆಸರೆ ಕೊಟ್ಟ ಧಣಿಯ ಮೇಲೆ ದೂರು ಕೊಡುವುದು ಕಾನೂನಿಗೆ ಹಕ್ಕು, ಊರಿನ ನಾಲಿಗೆಗೆ ದ್ರೋಹ.

ಹುಡುಗನ ವಯಸ್ಸಿನ ಪ್ರಶ್ನೆಗೆ ಉತ್ತರ ಬರಲು ಇನ್ನೂ ಹೆಚ್ಚು ಕಾಲ ಹಿಡಿಯಿತು. ಮಕ್ಕಳ ದುಡಿಮೆಯನ್ನು ಕುರಿತ 1986ರ ಕಾಯಿದೆಯು ಕೆಲವು ಅಪಾಯಕರ ಉದ್ಯೋಗಗಳನ್ನು ಮಾತ್ರ ಪಟ್ಟಿಮಾಡಿ ನಿಷೇಧಿಸಿತ್ತು. ಹೋಟೆಲು ಆ ಪಟ್ಟಿಗೆ ಸೇರಿದ್ದು 2006ರ ಅಕ್ಟೋಬರ್ 10ರಿಂದ. 2016ರ ತಿದ್ದುಪಡಿಯು ಮನೆತನದ ಉದ್ಯಮ, ಬಾಲನಟನೆಗಳಂಥ ವಿನಾಯಿತಿಗಳನ್ನುಳಿದು ಹದಿನಾಲ್ಕು ವರ್ಷದೊಳಗಿನವರ ಎಲ್ಲ ದುಡಿಮೆಯನ್ನೂ ನಿಷೇಧಿಸಿತು. 1881ರ ಏಳು ವರ್ಷದಿಂದ ಇಲ್ಲಿಗೆ ಬರಲು ನೂರ ಮೂವತ್ತೈದು ವರ್ಷ ಬೇಕಾದವು. ರಾತ್ರಿಶಾಲೆಗಳಿಗೆ ಹುಡುಗರು ಕಡಿಮೆಯಾದುದರ ಬಗ್ಗೆ ಮುಂಬಯಿ ಕನ್ನಡಿಗರಲ್ಲಿ ಒಂದು ವಿಷಾದವಿದೆ. ಆ ವಿಷಾದವನ್ನು ಅರ್ಥಮಾಡಿಕೊಳ್ಳಬಹುದಾದರೂ, ಶಾಲೆ ಹಗಲಿನಲ್ಲಿಯೇ ಸಿಗುವುದು ಮಗುವಿನ ಪಾಲಿಗೆ ನಷ್ಟವಲ್ಲ.

ಹೊರೆ ಹೊರುವವರ ವಿಷಯದಲ್ಲಿ ಮಹಾರಾಷ್ಟ್ರವು 1969ರಲ್ಲಿ ಮಾಡಿದ ಮಾಥಾಡಿ ಕಾಯಿದೆಯನ್ನು ಇಲ್ಲಿ ಹೆಸರಿಸಲೇಬೇಕು. ಹಮಾಲಿಗೆ ಒಬ್ಬ ಮಾಲೀಕನಿಲ್ಲ. ಬೆಳಿಗ್ಗೆ ಒಬ್ಬನ ಮೂಟೆ, ಸಂಜೆ ಇನ್ನೊಬ್ಬನದು. ಕಾಯಿದೆಯು ಸರ್ಕಾರ, ವ್ಯಾಪಾರಿ, ಕಾರ್ಮಿಕರ ಪ್ರತಿನಿಧಿಗಳಿರುವ ಮಂಡಲಿಗಳನ್ನು ರಚಿಸಿತು. ವ್ಯಾಪಾರಿಯು ಕೂಲಿಯನ್ನೂ ಅದರ ಮೇಲೊಂದು ಸುಂಕವನ್ನೂ ಮಂಡಲಿಗೆ ಕಟ್ಟುತ್ತಾನೆ. ಮಂಡಲಿಯು ಕೂಲಿಯನ್ನು ಹಂಚಿ, ಸುಂಕದಿಂದ ಭವಿಷ್ಯನಿಧಿ, ರಜೆ, ಚಿಕಿತ್ಸೆಗಳನ್ನು ನಡೆಸುತ್ತದೆ. ಮಾಲೀಕನಿಲ್ಲದವನಿಗೂ ರಕ್ಷಣೆ ಸಾಧ್ಯವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದುರ್ಲಭ.

ತಾನಾಗಿ ವಲಸೆ ಬಂದವನಿಗೆ ಮಾತ್ರ ಅಂಥ ಏರ್ಪಾಡು ಇರಲಿಲ್ಲ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆಯು ಗುತ್ತಿಗೆದಾರನು ಕರೆತಂದವರನ್ನಷ್ಟೇ ವಲಸಿಗರೆಂದು ಎಣಿಸಿತು. ಊರವರ ಕೈಹಿಡಿದು ಬಂದ ಉಡುಪಿಯ ಹುಡುಗನೂ, ಮಳೆ ಕೈಕೊಟ್ಟಾಗ ಕಲಬುರಗಿ, ರಾಯಚೂರುಗಳಿಂದ ಗುಳೆ ಬಂದು ಕಟ್ಟಡಗಳಲ್ಲಿ ದುಡಿದ ಕುಟುಂಬವೂ ಅದರ ಹೊರಗಿದ್ದರು. 2020ರ ಲಾಕ್‌ಡೌನಿನಲ್ಲಿ ದೇಶದ ಹೆದ್ದಾರಿಗಳಲ್ಲಿ ನಡೆದು ಹೊರಟವರಲ್ಲಿ ಎಷ್ಟೋ ಮಂದಿ ಯಾವ ಸರ್ಕಾರದ ಪಟ್ಟಿಯಲ್ಲಿಯೂ ಇಲ್ಲದ ಇಂಥವರೇ. ಅದೇ ವರ್ಷ ಸಂಸತ್ತು ಅಂಗೀಕರಿಸಿ, 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ದುಡಿಮೆಯ ಪರಿಸ್ಥಿತಿಗಳ ಸಂಹಿತೆಯು 1948ರ ಕಾರ್ಖಾನೆ ಕಾಯಿದೆಯ ಜೊತೆಗೆ 1979ರ ಕಾಯಿದೆಯನ್ನೂ ತನ್ನೊಳಗೆ ಸೇರಿಸಿಕೊಂಡಿದೆ. ತಾನಾಗಿ ಬಂದವನನ್ನೂ ಅದು ವಲಸೆ ಕಾರ್ಮಿಕನೆಂದು ಒಪ್ಪುತ್ತದೆ. ಆದರೆ ಅಂಥ ಹತ್ತು ಜನರಾದರೂ ಒಂದೆಡೆ ದುಡಿಯುತ್ತಿರಬೇಕು. ಹೋಟೆಲು ಈ ಸಂಹಿತೆಯಲ್ಲಿಯೂ ಕಾರ್ಖಾನೆಯಲ್ಲ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಯಾಗಿ ಅದು ಒಳಗೆ ಬರುತ್ತದೆ. ಭಟ್ಟಿಯ ಮುಂದೆ ಇಬ್ಬರು, ಮೇಜುಗಳ ನಡುವೆ ಮೂವರು, ಗಲ್ಲಾದಲ್ಲಿ ಧಣಿಯೇ ಕುಳಿತಿರುವ ಸಣ್ಣ ಉಪಾಹಾರಗೃಹದ ಮಾಣಿ ಈ ಎಣಿಕೆಯ ಆಚೆಗಿದ್ದಾನೆ.