ಮನೆಯ ಮುಖ ಯಾವ ದಿಕ್ಕಿಗೆ? ವಾಸ್ತು, ನಮ್ಮ ನೆಲ ಮತ್ತು ಶರಣರ ದೃಷ್ಟಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬುದು ಹಿರಿಯರ ಗಾದೆ. ಈ ಎರಡು ಕಾರ್ಯಗಳಲ್ಲಿ ಮನುಷ್ಯನ ಕೈಯ ಹಣವಷ್ಟೇ ಅಲ್ಲ, ಮನದ ಧೈರ್ಯವೂ ಪರೀಕ್ಷೆಗೆ ಒಳಗಾಗುತ್ತದೆ. ಜೀವಮಾನದ ಉಳಿತಾಯವನ್ನೆಲ್ಲ ಸುರಿದು, ಸಾಲವನ್ನೂ ಮಾಡಿ ಗೃಹಸ್ಥನೊಬ್ಬನು ನಾಲ್ಕು ಗೋಡೆ ಎಬ್ಬಿಸಿ ನಿಂತಿರುವಾಗ, ಯಾರೋ ಬಂದು “ನಿಮ್ಮ ಬಾಗಿಲು ದಕ್ಷಿಣಕ್ಕಿದೆಯಲ್ಲ, ಇದು ಮನೆಯೊಡೆಯನಿಗೆ ಆಗಿಬರದು” ಎಂದುಬಿಟ್ಟರೆ ಆ ಮನೆಯ ತಾಯಂದಿರಿಗೆ ಅಂದಿನಿಂದ ನಿದ್ರೆಯಿಲ್ಲ. ಆದುದರಿಂದ ಈ ವಿಷಯವನ್ನು ಅಂಜಿಕೆಯಿಂದಲೂ ಅಲ್ಲ, ಅಸಡ್ಡೆಯಿಂದಲೂ ಅಲ್ಲ, ಸಮಾಧಾನದಿಂದ ವಿಚಾರಿಸೋಣ.

ಊರೇ ಎದ್ದು ಹೋದಾಗ

ಬಾಗಲಕೋಟೆಯ ಜನರಿಗೆ ಈ ಪ್ರಶ್ನೆ ಬರಿಯ ಚರ್ಚೆಯ ಮಾತಲ್ಲ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟಿನ ಅಡಿಗಲ್ಲನ್ನಿಟ್ಟರು. ಮುಂದೆ ಅದರ ಹಿನ್ನೀರು ಘಟಪ್ರಭೆಯ ದಂಡೆಯ ಹಳೆಯ ಬಾಗಲಕೋಟೆಯ ತಗ್ಗು ಓಣಿಗಳವರೆಗೆ ಬಂದಿತು. ತಲೆಮಾರುಗಳಿಂದ ಬಾಳಿದ ಮನೆಗಳನ್ನು ಬಿಟ್ಟು ಸಾವಿರಾರು ಕುಟುಂಬಗಳು ಎತ್ತರದ ನೆಲದಲ್ಲಿ ಎದ್ದ ನವನಗರಕ್ಕೆ ನಡೆದವು. ಸಾಗವಾನಿ ಬಾಗಿಲು, ಕೆತ್ತನೆಯ ಚೌಕಟ್ಟು, ತೊಲೆಗಳನ್ನು ಕಳಚಿ ಹೇರಿಕೊಂಡು ಹೋದವರಿದ್ದಾರೆ. ಆದರೆ ಅಜ್ಜನು ಬಯಸಿ ಹಾಕಿಸಿದ ದಿಕ್ಕನ್ನು ಯಾರೂ ಹೇರಿಕೊಂಡು ಹೋಗಲಾರರು. ಹೊಸ ಊರಿನಲ್ಲಿ ನಿವೇಶನದ ಸಂಖ್ಯೆ ಕೈಗೆ ಬಂದಿತು. ರಸ್ತೆ ಯಾವ ಕಡೆಗಿದೆಯೋ ಮನೆಯ ಮುಖವೂ ಆ ಕಡೆಗೇ.

ಬಾದಾಮಿ, ಹುನಗುಂದ ಭಾಗದ ಮಲಪ್ರಭೆಯ ದಂಡೆಯ ಹಳ್ಳಿಗಳದ್ದೂ ಇದೇ ಕಥೆ. 2009ರ ಮಹಾಪೂರದಲ್ಲಿ ಮಣ್ಣಿನ ಮನೆಗಳು ಕುಸಿದವು. 2019ರ ಆಗಸ್ಟಿನಲ್ಲಿ ಹೊಳೆ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನುಗ್ಗಿತು. ಹೀಗೆ ಮನೆ ಕಳೆದುಕೊಂಡವನು ದಿಕ್ಕನ್ನು ಆರಿಸಿಕೊಳ್ಳುವ ಸ್ಥಿತಿಯಲ್ಲಿರುವುದಿಲ್ಲ. ಅಂಥವನಿಗೆ “ನಿನ್ನ ದಿಕ್ಕೇ ಸರಿಯಿಲ್ಲ” ಎಂದು ಹೇಳುವುದು ಗಾಯದ ಮೇಲೆ ಬರೆ ಎಳೆದಂತೆ.

ಶಾಸ್ತ್ರವು ಹೇಳುವುದೇನು?

ವಾಸ್ತುವಿದ್ಯೆಯು ಹಳೆಯದು. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಅದಕ್ಕೊಂದು ಅಧ್ಯಾಯವೇ ಉಂಟು. ಮಯಮತ, ಮಾನಸಾರ, ಭೋಜರಾಜನ ಸಮರಾಂಗಣ ಸೂತ್ರಧಾರ ಮೊದಲಾದ ಗ್ರಂಥಗಳು ಅದನ್ನು ವಿಸ್ತರಿಸಿವೆ. ಇಂದು ಮನೆಮನೆಯಲ್ಲಿ ಕೇಳಿಬರುವ ಅದರ ಸಾರ ಇಷ್ಟು: ಈಶಾನ್ಯದಲ್ಲಿ ನೀರು ಮತ್ತು ಪೂಜೆ, ಆಗ್ನೇಯದಲ್ಲಿ ಒಲೆ, ನೈಋತ್ಯದಲ್ಲಿ ಭಾರವಾದ ಗೋಡೆ ಹಾಗೂ ಯಜಮಾನನ ಕೋಣೆ, ವಾಯವ್ಯದಲ್ಲಿ ಧಾನ್ಯ ಅಥವಾ ಅತಿಥಿ, ನಟ್ಟನಡುವೆ ಬಯಲಾಗಿ ಬಿಟ್ಟ ಬ್ರಹ್ಮಸ್ಥಾನ.

ಇಲ್ಲಿ ಒಂದು ಸಂಗತಿಯನ್ನು ಓದುಗರು ಗಮನಿಸಬೇಕು. ವರಾಹಮಿಹಿರನು ನಿವೇಶನವನ್ನು 81 ಪದಗಳಾಗಿ ವಿಭಾಗಿಸಿ, ಅದರ ಅಂಚಿನಲ್ಲಿ ಒಂದೊಂದು ದಿಕ್ಕಿಗೆ ಎಂಟರಂತೆ 32 ದ್ವಾರಸ್ಥಾನಗಳನ್ನು ಎಣಿಸುತ್ತಾನೆ. ನಾಲ್ಕು ದಿಕ್ಕುಗಳಲ್ಲಿಯೂ ಒಳ್ಳೆಯ ಸ್ಥಾನಗಳಿವೆ, ನಾಲ್ಕರಲ್ಲಿಯೂ ಕೆಟ್ಟವು ಇವೆ. ದಕ್ಷಿಣವೆಂದರೆ ಕೆಡುಕು, ಪೂರ್ವವೆಂದರೆ ಒಳಿತು ಎಂಬ ಸರಳ ಲೆಕ್ಕ ಶಾಸ್ತ್ರದ್ದಲ್ಲ. ಅದು ಪೇಟೆಯಲ್ಲಿ ಹುಟ್ಟಿದ ಲೆಕ್ಕ. ಶಾಸ್ತ್ರವನ್ನು ನಂಬುವವರಾದರೂ ಇಷ್ಟನ್ನು ಅರಿತರೆ ಅರ್ಧ ಭಯ ಕಳೆಯುತ್ತದೆ.

ಬಾದಾಮಿಯನ್ನೇ ನೋಡಿರಿ. ಚಾಲುಕ್ಯ ಮಂಗಲೇಶನು ಕೊರೆಯಿಸಿದ, 578ರ ಶಾಸನವುಳ್ಳ ಮೂರನೆಯ ಗುಹಾಲಯವು ಉತ್ತರಕ್ಕೆ ಮುಖ ಮಾಡಿದೆ. ಏಕೆಂದರೆ ಬಂಡೆಯ ಮುಖವೇ ಆ ಕಡೆಗಿದೆ. ಅಗಸ್ತ್ಯತೀರ್ಥದ ಪೂರ್ವದ ತುದಿಯಲ್ಲಿರುವ ಭೂತನಾಥ ದೇವಾಲಯವು ಪಶ್ಚಿಮಕ್ಕೆ, ಹೊಂಡದ ನೀರಿನ ಕಡೆಗೆ ನೋಡುತ್ತದೆ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಮುಖ ಪೂರ್ವಕ್ಕೆ. ನಾಡಿನ ಶ್ರೇಷ್ಠ ಶಿಲ್ಪಿಗಳು ನೆಲವನ್ನು ನೋಡಿ ದಿಕ್ಕನ್ನು ನಿರ್ಣಯಿಸಿದರೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಹಿರಿಯರ ಮನೆಯ ಜಾಣ್ಮೆ

ನಮ್ಮ ಭಾಗದ ಮಾಳಿಗೆ ಮನೆಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಬೀದಿಗೆ ಕಟ್ಟೆ, ಒಳಗೆ ಪಡಸಾಲೆ, ಒಂದು ಬದಿಗೆ ದನಗಳ ಗೋದಲಿ, ಅದರಾಚೆ ನಡುಮನೆ, ಅಡುಗೆಮನೆ, ದೇವರ ಕೋಣೆ. ದಪ್ಪನೆಯ ಕಲ್ಲುಮಣ್ಣಿನ ಗೋಡೆ. ತೊಲೆ, ಜಂತಿಗಳ ಮೇಲೆ ಮಣ್ಣಿನ ಮೇಲ್ಮುದ್ದೆ. ನಡುವೆ ಆಕಾಶಕ್ಕೆ ತೆರೆದ ಬೆಳಕಿಂಡಿ. ಶಾಸ್ತ್ರವು ಬ್ರಹ್ಮಸ್ಥಾನವೆಂದು ಕರೆದುದನ್ನು ನಮ್ಮ ಒಕ್ಕಲಿಗನು ಬೆಳಕಿಂಡಿಯೆಂದು ಕರೆದನು. ಅದರಿಂದ ಬೆಳಕು ಇಳಿಯುತ್ತಿತ್ತು, ಒಲೆಯ ಹೊಗೆ ಮೇಲೇರುತ್ತಿತ್ತು, ಬೇಸಿಗೆಯ ಉರಿ ಒಳಗೆ ಸೇರುತ್ತಿರಲಿಲ್ಲ.

ಇಳಕಲ್ಲಿನ ನೇಕಾರರ ಮನೆಗಳಲ್ಲಿ ಇನ್ನೊಂದು ಪಾಠವಿದೆ. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತು, ಸೀರೆಯ ಒಡಲಿಗೂ ಸೆರಗಿಗೂ ಎಳೆಎಳೆಯಾಗಿ ಕೊಂಡಿ ಹಾಕುವ ಕೆಲಸಕ್ಕೆ ಕಣ್ಣಿಗೆ ಸಮನಾದ ಬೆಳಕು ಬೇಕು. ನೇರ ಬಿಸಿಲು ಬಿದ್ದರೆ ಎಳೆಗಳು ಕಣ್ಣು ಕುಕ್ಕುತ್ತವೆ. ಕತ್ತಲಾದರೆ ಎಳೆ ತಪ್ಪುತ್ತದೆ. ಉತ್ತರದ ಕಿಟಕಿಯ ಬೆಳಕು ವರ್ಷದ ಬಹುಭಾಗ ನೆರಳಿಲ್ಲದೆ ತಂಪಾಗಿ ಬರುತ್ತದೆ. ಉತ್ತರವು ಕುಬೇರನ ದಿಕ್ಕು ಎಂದು ಹೇಳುವವರಿದ್ದಾರೆ. ನೇಕಾರನ ಮಟ್ಟಿಗೆ ಅದು ನಿಜವೆನ್ನಬಹುದು. ಅವನ ಅನ್ನ ಬರುವುದು ಆ ಬೆಳಕಿನಲ್ಲಿಯೇ.

ದಕ್ಷಿಣದ ಭಯವೂ ಸೂರ್ಯನ ದಾರಿಯೂ

ನಮ್ಮ ಜಿಲ್ಲೆಯು ಭೂಮಧ್ಯರೇಖೆಯಿಂದ ಸುಮಾರು 16 ಅಂಶ ಉತ್ತರಕ್ಕಿದೆ. ಮೇ ಮೊದಲ ವಾರದಲ್ಲಿಯೂ ಆಗಸ್ಟಿನ ಎರಡನೆಯ ವಾರದ ಸುಮಾರಿಗೂ ನಡುಮಧ್ಯಾಹ್ನದ ಸೂರ್ಯನು ನೆತ್ತಿಯ ಮೇಲೆಯೇ ನಿಲ್ಲುತ್ತಾನೆ. ಕಡು ಬೇಸಿಗೆಯಲ್ಲಿ ಮಧ್ಯಾಹ್ನದ ಬಿಸಿಲು ಬೀಳುವುದು ದಕ್ಷಿಣದ ಗೋಡೆಯ ಮೇಲಲ್ಲ, ಮಾಳಿಗೆಯ ಮೇಲೆ. ಡಿಸೆಂಬರಿನಲ್ಲಿ ಸೂರ್ಯನು ದಕ್ಷಿಣಕ್ಕೆ ವಾಲಿ, ಮಧ್ಯಾಹ್ನ ಸುಮಾರು 50 ಅಂಶಗಳಷ್ಟೇ ಮೇಲೇರುತ್ತಾನೆ. ಆಗ ದಕ್ಷಿಣದ ಬಾಗಿಲಿನಿಂದ ಹಿತವಾದ ಬಿಸಿಲು ಒಳಗೆ ಬರುತ್ತದೆ. ಒಂದೆರಡು ಅಡಿಯ ಸಜ್ಜೆ ಹಾಕಿಸಿದರೆ ಉಳಿದ ತಿಂಗಳುಗಳಲ್ಲಿ ನೆರಳೂ ಸಿಗುತ್ತದೆ. ಹೀಗಿರುವಾಗ ದಕ್ಷಿಣಮುಖದ ಮನೆಯಲ್ಲಿ ಅಂಜುವಂಥದೇನಿದೆ?

ನಿಜವಾಗಿ ಎಚ್ಚರ ವಹಿಸಬೇಕಾದುದು ಪಶ್ಚಿಮದ ಗೋಡೆಯ ವಿಷಯದಲ್ಲಿ. ಮಧ್ಯಾಹ್ನದ ನಂತರದ ಇಳಿಬಿಸಿಲು ಆ ಗೋಡೆಯನ್ನು ಕಾಯಿಸಿ, ರಾತ್ರಿಯವರೆಗೂ ಕೋಣೆಯನ್ನು ಬೇಯಿಸುತ್ತದೆ. ಸಜ್ಜೆ ಅದನ್ನು ತಡೆಯಲಾರದು. ಪಶ್ಚಿಮ ಹಾಗೂ ನೈಋತ್ಯದಲ್ಲಿ ದಪ್ಪ ಗೋಡೆ, ಕಡಿಮೆ ಕಿಟಕಿ ಎಂಬ ಹಳೆಯ ಮಾತಿನಲ್ಲಿ ಅರ್ಥವಿದೆ. ಅಲ್ಲೊಂದು ಬೇವಿನ ಮರ ಬೆಳೆಸಿದರೆ ಇನ್ನೂ ಒಳ್ಳೆಯದು. ಮಳೆಗಾಲದ ಗಾಳಿ ಬೀಸುವುದೂ ಪಶ್ಚಿಮ, ನೈಋತ್ಯಗಳಿಂದಲೇ. ಆದುದರಿಂದ ಒಲೆ ಆಗ್ನೇಯದಲ್ಲಿದ್ದರೆ ಹೊಗೆಯೂ ಕಿಡಿಯೂ ಮನೆಯೊಳಗೆ ತಿರುಗದೆ ಹೊರಗೆ ಹೋಗುತ್ತಿದ್ದವು. ಬೆಳಗಿನ ಬಿಸಿಲೂ ಅಡುಗೆಮನೆಗೆ ದೊರೆಯುತ್ತಿತ್ತು. ಗ್ಯಾಸಿನ ಒಲೆ ಬಂದ ಮೇಲೆ ಆ ನಿಯಮದ ಬಿಗಿ ಸಡಿಲವಾಯಿತು. ಕಾರಣ ತಿಳಿದರೆ ಎಲ್ಲಿ ನಿಯಮವನ್ನು ಪಾಲಿಸಬೇಕು, ಎಲ್ಲಿ ಬಿಡಬಹುದು ಎಂಬುದೂ ತಿಳಿಯುತ್ತದೆ.

ಬಿರುಕು ಬಿಟ್ಟ ಗೋಡೆಗೆ ಹೊಣೆ ಯಾರು?

ನಮ್ಮ ಭಾಗದಲ್ಲಿ ಪದೇಪದೇ ನಡೆಯುವ ಸಂಗತಿ ಒಂದಿದೆ. ಹೊಸ ಮನೆ ಕಟ್ಟಿದ ಎರಡು ಮೂರು ವರ್ಷಕ್ಕೆ ಗೋಡೆ ಬಿರುಕು ಬಿಡುತ್ತದೆ. ಅದೇ ಸಮಯಕ್ಕೆ ಮನೆಯಲ್ಲಿ ಯಾರಿಗೋ ಕಾಯಿಲೆ, ಅಥವಾ ಅಣ್ಣತಮ್ಮಂದಿರಲ್ಲಿ ವೈಮನಸ್ಸು. “ವಾಸ್ತು ದೋಷ” ಎಂಬ ಮಾತು ಕಿವಿಗೆ ಬೀಳುತ್ತದೆ. ಬಾಗಿಲು ಒಡೆದು ಇನ್ನೊಂದು ಕಡೆಗೆ ಇಡುತ್ತಾರೆ, ಅಡುಗೆಮನೆಯನ್ನು ಸ್ಥಳಾಂತರಿಸುತ್ತಾರೆ. ಮಗಳ ಮದುವೆಗೆಂದು ಇಟ್ಟ ಹಣ ಸುಣ್ಣ ಸಿಮೆಂಟಿಗೆ ಹೋಗುತ್ತದೆ. ಮರುವರ್ಷ ಮತ್ತೆ ಬಿರುಕು!

ದೋಷವಿರುವುದು ದಿಕ್ಕಿನಲ್ಲಲ್ಲ, ಅಡಿಪಾಯದಲ್ಲಿ. ನಮ್ಮ ಎರೆಭೂಮಿ ಮಳೆ ನೀರನ್ನು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಸೀಳುತ್ತದೆ. ಅದರ ಮೇಲೆ ಆಳವಿಲ್ಲದ ಅಡಿಪಾಯ ಹಾಕಿದ ಗೋಡೆ ಯಾವ ದಿಕ್ಕಿಗೆ ನೋಡಿದರೂ ಬಿರುಕು ಬಿಡಲೇಬೇಕು. ಎರೆಯ ಪದರವನ್ನು ದಾಟಿ ಗಟ್ಟಿ ಗರಸಿನವರೆಗೆ ಅಗೆದು ಅಡಿಪಾಯ ಹಾಕುವುದು, ಗೋಡೆಯ ಬುಡದಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳುವುದು, ಎರೆ ಬಹಳ ಆಳವಾಗಿದ್ದರೆ ತಿಳಿದ ಎಂಜಿನಿಯರರನ್ನು ಕೇಳಿ ಕಂಬದ ಅಡಿಪಾಯ ಹಾಕಿಸುವುದು, ಇವೇ ನಿಜವಾದ ಪರಿಹಾರ. ಕಾಯಿಲೆಗೆ ವೈದ್ಯರಿದ್ದಾರೆ. ಅಣ್ಣತಮ್ಮಂದಿರ ವೈಮನಸ್ಸಿಗೆ ಮನೆಯ ಹಿರಿಯರೂ ಮಠದ ಗುರುಗಳೂ ಇದ್ದಾರೆ. ಗೋಡೆ ಒಡೆದರೆ ಮನಸ್ಸುಗಳು ಕೂಡುವುದಿಲ್ಲ.

ಶರಣರ ಮನೆ

ನಾವು ಕೂಡಲಸಂಗಮದ ನೆಲದವರು. ಕೃಷ್ಣೆ, ಮಲಪ್ರಭೆಗಳು ಕೂಡುವ, ಬಸವಣ್ಣನವರು ಅಧ್ಯಯನಗೈದು ಕೊನೆಗೆ ಐಕ್ಯರಾದ ಕ್ಷೇತ್ರ ನಮ್ಮ ಜಿಲ್ಲೆಯಲ್ಲಿದೆ. ಆಲಮಟ್ಟಿಯ ಹಿನ್ನೀರು ಅಲ್ಲಿಗೂ ಬಂದಿತು. ಐಕ್ಯಮಂಟಪದ ಸುತ್ತ ಬಾವಿಯಂಥ ಗೋಡೆ ಕಟ್ಟಿ ಅದನ್ನು ಉಳಿಸಿಕೊಂಡರು. ಇಂದು ಭಕ್ತರು ನದಿಯ ನಡುವೆ ಮೆಟ್ಟಿಲಿಳಿದು ದರ್ಶನ ಪಡೆಯುತ್ತಾರೆ. ನೀರು ಸುತ್ತುವರಿದಾಗ ದಿಕ್ಕನ್ನು ದೂರುತ್ತ ಕೂರದೆ ಕಟ್ಟಡದ ವಿದ್ಯೆಯನ್ನು ಬಳಸಿದ ಈ ದೃಷ್ಟಾಂತ ಸಂಸಾರಿಗಳಿಗೂ ಸಲ್ಲುತ್ತದೆ.

ವಾರ, ತಿಥಿ, ನಕ್ಷತ್ರಗಳ ಭಯವನ್ನು ಬಿಡಿಸಿದವರು ಬಸವಾದಿ ಶರಣರು. ಕಟ್ಟಿದ ಗುಡಿಗಿಂತ ಮನುಷ್ಯನ ಕಾಯವೇ ಶಿವನಿಗೆ ಹೆಚ್ಚಿನ ನೆಲೆಯೆಂದು ಅವರು ಸಾರಿದರು. ಇಷ್ಟಲಿಂಗವು ಭಕ್ತನ ಎದೆಯ ಮೇಲಿರುತ್ತದೆ. ಪೂಜೆಯ ಹೊತ್ತಿಗೆ ಅಂಗೈಗೆ ಬರುತ್ತದೆ. ನೆರೆ ಬಂದಾಗ ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟ ತಾಯಿಯೂ ಲಿಂಗವನ್ನು ಬಿಟ್ಟು ಬರಲಿಲ್ಲ. ನಿಂತಲ್ಲಿಯೇ ಅವಳಿಗೆ ದೇವರ ಮನೆಯಾಯಿತು. ಲಿಂಗವನ್ನು ಧರಿಸಿದವನಿಗೆ ಒಂದು ದಿಕ್ಕು ಶುಭ, ಇನ್ನೊಂದು ದಿಕ್ಕು ಅಶುಭ ಎಂಬ ಅಳುಕು ಏಕೆ? ಮನೆತನದ ಪದ್ಧತಿಯಂತೆ ಗುರುಗಳನ್ನು, ಜಂಗಮರನ್ನು ಕರೆಸಿ ಪಾದಪೂಜೆ ಮಾಡಿ ಗೃಹಪ್ರವೇಶ ಮಾಡುವುದು ಒಳ್ಳೆಯದೇ. ಅದು ಭಕ್ತಿಯಿಂದ ನಡೆಯಲಿ, ಭಯದಿಂದಲ್ಲ.

ಶರಣಧರ್ಮದ ಮನೆಗೆ ಒಂದು ನಿಯಮ ಮಾತ್ರ ತಪ್ಪಬಾರದು, ಅದು ದಾಸೋಹ. ಬಂದವರು ಕೈಕಾಲು ತೊಳೆಯಲು ನೀರು, ಕೂರಲು ಪಡಸಾಲೆ, ಉಣ್ಣಲು ಪ್ರಸಾದ ಇರಬೇಕು. ಈಚಿನ ಮನೆಗಳಲ್ಲಿ ವಾಹನಕ್ಕೆ ಸ್ಥಳವಿದೆ, ಟಿವಿಗೆ ಗೋಡೆಯಿದೆ, ಬೀದಿಯ ಕಟ್ಟೆ ಮಾತ್ರ ಮಾಯವಾಗಿದೆ. ನಮ್ಮ ದೃಷ್ಟಿಯಲ್ಲಿ ದೊಡ್ಡ ದೋಷ ಇದೇ.

ಮನೆ ಕಟ್ಟುವವರಿಗೆ

1. ಮೊದಲು ಮಣ್ಣನ್ನು ಪರೀಕ್ಷಿಸಿರಿ, ಆಮೇಲೆ ದಿಕ್ಕನ್ನು. ಹಳ್ಳಕೊಳ್ಳದ ದಾರಿಯಲ್ಲಿರುವ, ಹಿಂದೆ ನೆರೆ ನುಗ್ಗಿದ ಜಾಗದಲ್ಲಿ ಪೂರ್ವದ ಬಾಗಿಲೂ ಕಾಯದು.

2. ಎದುರುಬದುರಾಗಿ ಕಿಟಕಿಗಳನ್ನಿಟ್ಟು ಗಾಳಿ ಆಡುವಂತೆ ಮಾಡಿರಿ. ಅಡುಗೆಮನೆಗೆ ಬೆಳಗಿನ ಬೆಳಕು ದೊರೆತರೆ ಉತ್ತಮ. ದೊರೆಯದಿದ್ದರೆ ದೊಡ್ಡ ಕಿಟಕಿಯಾದರೂ ಇರಲಿ.

3. ಬಾವಿ ಅಥವಾ ಕೊಳವೆಬಾವಿಗೂ ಶೌಚದ ಗುಂಡಿಗೂ 50 ಅಡಿಯಾದರೂ ಅಂತರವಿರಲಿ. ಪಕ್ಕದ ಮನೆಯವರ ಗುಂಡಿ ಎಲ್ಲಿದೆಯೆಂಬುದನ್ನೂ ಕೇಳಿಕೊಳ್ಳಿರಿ.

4. ಮಾಳಿಗೆಗೆ ಸುಣ್ಣ ಬಳಿಸಿರಿ; ಪಶ್ಚಿಮಕ್ಕೆ ನೆರಳು ಮಾಡಿರಿ; ಮಳೆಯ ನೀರನ್ನು ಬೀದಿಗೆ ಬಿಡದೆ ತೊಟ್ಟಿಗೆ ತುಂಬಿಸಿರಿ.

5. ಕಟ್ಟಿದ ಮನೆಯನ್ನು ಒಡೆಯುವ ಮುನ್ನ ಮೂವರನ್ನು ಕೇಳಿರಿ: ಎಂಜಿನಿಯರರನ್ನು, ಮನೆಯ ತಾಯಿಯನ್ನು, ನಿಮ್ಮ ಹಣದ ಚೀಲವನ್ನು. ಮೂವರೂ ಒಪ್ಪಿದರೆ ಮಾತ್ರ ಮುಂದುವರಿಯಿರಿ.

ಹಳೆಯ ಬಾಗಲಕೋಟೆಯಿಂದ ಹೇರಿಕೊಂಡು ಬಂದ ಬಾಗಿಲುಗಳನ್ನು ನವನಗರದ ಮನೆಗಳಿಗೆ ಕೂರಿಸಿಕೊಂಡವರು ಉಂಟು. ಅಜ್ಜನ ಕಾಲದಲ್ಲಿ ಪೂರ್ವಕ್ಕೆ ತೆರೆಯುತ್ತಿದ್ದ ಬಾಗಿಲು ಈಗ ದಕ್ಷಿಣಕ್ಕೋ ಪಶ್ಚಿಮಕ್ಕೋ ತೆರೆಯುತ್ತಿರಬಹುದು. ಹೊಸ್ತಿಲಿಗೆ ವಿಭೂತಿ ಹಚ್ಚುವ ಕೈ ಅದೇ, ಬಂದವರನ್ನು “ಬರ್ರಿ, ಒಳಗ ಬರ್ರಿ” ಎಂದು ಕರೆಯುವ ದನಿಯೂ ಅದೇ. ಆ ದನಿ ಇರುವವರೆಗೆ ಮನೆಯ ಮುಖ ಸರಿಯಾದ ಕಡೆಗೇ ಇದೆಯೆಂದು ತಿಳಿಯಿರಿ.