ಸುಖದ ಬುತ್ತಿ

ಸುಖವನ್ನು ಬಯಸದ ಮನುಷ್ಯನಿಲ್ಲ. ಉಳುವವನೂ ಓದುವವನೂ, ಆಳುವವನೂ ಅಲೆಯುವವನೂ ತಮ್ಮ ತಮ್ಮ ದಾರಿಯಲ್ಲಿ ಅದನ್ನೇ ಅರಸುತ್ತಿರುತ್ತಾರೆ. ಆದರೆ ಸುಖವೆಂದರೆ ಏನು, ಅದು ಎಲ್ಲಿ ದೊರೆಯುತ್ತದೆ ಎಂದು ಕೇಳಿದರೆ ಎಲ್ಲ ನಾಡಿನ ಜನರೂ ಒಂದೇ ಉತ್ತರವನ್ನು ಕೊಡುವುದಿಲ್ಲ. ಅವರವರ ನೆಲ, ಹವೆ, ದುಡಿಮೆ ಮತ್ತು ಇತಿಹಾಸಗಳು ಆ ಉತ್ತರವನ್ನು ರೂಪಿಸುತ್ತವೆ.

ಅಮೆರಿಕದ ಜನರು 1776ರಲ್ಲಿ ತಮ್ಮ ಸ್ವಾತಂತ್ರ್ಯವನ್ನು ಸಾರಿದಾಗ, ಸುಖವನ್ನು ಅರಸುವುದು ಪ್ರತಿಯೊಬ್ಬನ ಹಕ್ಕೆಂದು ಘೋಷಿಸಿದರು. ಅಲ್ಲಿ ಸುಖವು ಬಹುಮಟ್ಟಿಗೆ ವ್ಯಕ್ತಿಯ ಸಾಧನೆ. ತನ್ನ ದಾರಿಯನ್ನು ತಾನೇ ಆರಿಸಿಕೊಂಡು ಮುಂದೆ ಬರುವ ಉತ್ಸಾಹ. ಜಪಾನಿನಲ್ಲಿ ‘ಇಕಿಗಾಯ್’ ಎಂಬ ಮಾತುಂಟು. ಬೆಳಗಾದರೆ ಏಳಬೇಕೆನ್ನಿಸುವ ಕಾರಣ, ಬದುಕಿಗೆ ಅರ್ಥ ಕೊಡುವ ಕೆಲಸ ಎಂಬುದು ಅದರ ಭಾವ. ಅದು ದೊಡ್ಡ ಪದವಿಯೇ ಆಗಬೇಕಿಲ್ಲ. ಮುದುಕನೊಬ್ಬನಿಗೆ ತನ್ನ ಹಿತ್ತಿಲಿನ ಕಾಯಿಪಲ್ಲೆಯ ಮಡಿಯೂ ಇಕಿಗಾಯ್ ಆಗಬಲ್ಲದು. ಆಫ್ರಿಕದ ದಕ್ಷಿಣ ಭಾಗದ ಜನರು ‘ಉಬುಂಟು’ ಎನ್ನುತ್ತಾರೆ. ಮನುಷ್ಯನು ಮನುಷ್ಯನಾಗುವುದು ಇತರ ಮನುಷ್ಯರಿಂದಲೇ ಎಂಬುದು ಅದರ ತಿರುಳು. ಹಿಮಾಲಯದ ಮಡಿಲಿನ ಭೂತಾನ ದೇಶವು ನಾಡಿನ ಏಳಿಗೆಯನ್ನು ಉತ್ಪನ್ನದಿಂದ ಮಾತ್ರ ಅಳೆಯಬಾರದು, ಜನರ ಸುಖದಿಂದಲೂ ಅಳೆಯಬೇಕು ಎಂದು ಸಾರಿತು. 2008ರ ತನ್ನ ಸಂವಿಧಾನದಲ್ಲಿಯೂ ಈ ಆದರ್ಶವನ್ನು ಸೇರಿಸಿತು.

ಭೂತಾನವು ಮುಂದಿಟ್ಟ ಈ ವಿಚಾರವನ್ನು 2011ರ ಜುಲೈಯಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ಒಪ್ಪಿಕೊಂಡಿತು. ಮರುವರ್ಷ ಮೊದಲನೆಯ ‘ವಿಶ್ವ ಸಂತೋಷ ವರದಿ’ ಪ್ರಕಟವಾಯಿತು. ಮಾರ್ಚ್ 20ನ್ನು ಅಂತರರಾಷ್ಟ್ರೀಯ ಸಂತೋಷ ದಿನವೆಂದು ಆಚರಿಸುವ ಪದ್ಧತಿಯೂ ಬಂದಿತು. ಕಣ್ಣಿಗೆ ಕಾಣದ ಸುಖವನ್ನು ಅಳೆಯುವುದು ಹೇಗೆ? ಇದಕ್ಕೆ ಕೇಳುವ ಪ್ರಶ್ನೆ ಸರಳವಾದುದು. ಸೊನ್ನೆಯಿಂದ ಹತ್ತರವರೆಗೆ ಮೆಟ್ಟಿಲುಗಳುಳ್ಳ ಒಂದು ಏಣಿಯನ್ನು ಊಹಿಸಿಕೊಳ್ಳಬೇಕು. ತುದಿಯ ಮೆಟ್ಟಿಲು ಅತ್ಯುತ್ತಮವಾದ ಬದುಕು. ಬುಡದ್ದು ಅತ್ಯಂತ ಕೆಟ್ಟದ್ದು. ನೀವು ಈಗ ಯಾವ ಮೆಟ್ಟಿಲಿನ ಮೇಲೆ ನಿಂತಿರುವಿರಿ ಎಂದು ಜನರನ್ನು ಕೇಳಿ, ಬಂದ ಉತ್ತರಗಳ ಸರಾಸರಿಯನ್ನು ತೆಗೆಯುತ್ತಾರೆ.

ಈ ಲೆಕ್ಕದಲ್ಲಿ ಫಿನ್ಲೆಂಡ್ 2018ರಿಂದ 2025ರವರೆಗೆ ಸತತವಾಗಿ ಎಂಟು ವರ್ಷ ಮೊದಲನೆಯ ಸ್ಥಾನದಲ್ಲಿತ್ತು. ದೀರ್ಘವಾದ ಚಳಿಗಾಲ, ಹೊತ್ತಿಗೆ ಮುಂಚೆಯೇ ಕವಿಯುವ ಕತ್ತಲೆ, ಮಿತಭಾಷಿಗಳಾದ ಜನ; ಇಂಥ ನಾಡಿಗೆ ಈ ಸ್ಥಾನ ಹೇಗೆ ದೊರೆಯಿತೆಂದು ಆಶ್ಚರ್ಯವಾಗಬಹುದು. ಅಲ್ಲಿ ಶಾಲೆ, ಆಸ್ಪತ್ರೆಗಳ ಸೌಲಭ್ಯ ಎಲ್ಲರಿಗೂ ಉಂಟು. ಅದಕ್ಕಿಂತ ಮಿಗಿಲಾಗಿ ಜನರಿಗೆ ಪರಸ್ಪರ ನಂಬಿಕೆಯುಂಟು. ನೆರೆಯವರೆಲ್ಲ ಕೂಡಿ ಒಬ್ಬರ ಕೆಲಸವನ್ನು ಕೂಲಿಯಿಲ್ಲದೆ ಮಾಡಿಕೊಡುವುದನ್ನು ಅವರು ‘ತಾಲ್ಕೋತ್’ ಎನ್ನುತ್ತಾರೆ. ನಮ್ಮ ಹಳ್ಳಿಗಳ ಮುಯ್ಯಾಳಿನ ಪದ್ಧತಿಯನ್ನು ಬಲ್ಲವರಿಗೆ ಇದು ಹೊಸದೆನ್ನಿಸದು.

ಜಗತ್ತು ಈಚೆಗೆ ಅಳೆದು ತಿಳಿಯಲೆತ್ನಿಸುತ್ತಿರುವ ಈ ಕೂಡಿ ಬಾಳುವ ಸುಖವನ್ನು ಕಲಬುರಗಿ ಸೀಮೆಯ ಒಕ್ಕಲಿಗರು ಒಂದು ಹಬ್ಬವಾಗಿ ಕಾಪಾಡಿಕೊಂಡು ಬಂದಿದ್ದಾರೆ. ಭೂಸನೂರನ್ನೊಳಗೊಂಡ ಆಳಂದ ತಾಲ್ಲೂಕು, ಭೀಮಾ ತೀರದ ಅಫಜಲಪುರ ಹಾಗೂ ಜೇವರ್ಗಿ ತಾಲ್ಲೂಕುಗಳು ಎರೆಭೂಮಿಯ ನಾಡು. ತೊಗರಿ, ಜೋಳ, ಕಡಲೆಗಳ ಕಣಜ. ಹಿಂಗಾರಿ ಪೈರು ಹಸಿರೇರಿ ನಿಂತಿರುವ ಹೊತ್ತಿನಲ್ಲಿ, ಚಳಿಗಾಲದ ನಡುವೆ, ಎಳ್ಳಮಾವಾಸ್ಯೆ ಬರುತ್ತದೆ. ಮನೆಯ ಹೆಂಗಸರು ಸಜ್ಜೆಯ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಹಲವು ಬಗೆಯ ಕಾಳು ಸೊಪ್ಪುಗಳನ್ನು ಬೆರೆಸಿದ ಭಜ್ಜಿ, ಅಂಬಲಿ ಮುಂತಾದುವನ್ನು ಮಾಡಿ ಬುತ್ತಿ ಕಟ್ಟುತ್ತಾರೆ. ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಭೂಮಿತಾಯಿಯನ್ನು ಪೂಜಿಸುತ್ತಾರೆ. ಬಳಿಕ ಪೈರಿನ ನಡುವೆ ಸುತ್ತುತ್ತ ‘ಚರಗ’ ಚೆಲ್ಲುತ್ತಾರೆ. ತಾವು ಉಣ್ಣುವ ಮೊದಲು ನೆಲಕ್ಕೂ ಹಕ್ಕಿಗೂ ಇರುವೆಗೂ ಅವುಗಳ ಪಾಲನ್ನು ಸಲ್ಲಿಸುವುದೇ ಚರಗ.

ಆಮೇಲೆ ಊಟ. ಅಂದು ಒಬ್ಬರೇ ಉಣ್ಣುವ ವಾಡಿಕೆಯಿಲ್ಲ. ಹೊಲವಿಲ್ಲದ ನೆರೆಯವರನ್ನೂ ಪಟ್ಟಣದ ಗೆಳೆಯರನ್ನೂ ಕರೆದುಕೊಂಡು ಹೋಗುತ್ತಾರೆ. ಕಲಬುರಗಿ, ಬೀದರಗಳ ಪೇಟೆಬೀದಿಗಳು ಬರಿದಾಗಿ, ಹೊಲಗಳ ಬದುಗಳು ಜನರಿಂದ ತುಂಬಿಕೊಳ್ಳುತ್ತವೆ.

ಈ ಮನೋಭಾವಕ್ಕೆ ಈ ನೆಲದಲ್ಲಿ ಆಳವಾದ ಬೇರುಗಳಿವೆ. 12ನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಕಾಯಕ ಮತ್ತು ದಾಸೋಹಗಳನ್ನು ಬೋಧಿಸಿದರು. ದುಡಿಯದೆ ಉಣ್ಣಬಾರದು, ದುಡಿದುದನ್ನು ಹಂಚದೆಯೂ ಉಣ್ಣಬಾರದು ಎಂಬುದು ಅದರ ಸಾರ. 18ನೆಯ ಶತಮಾನದಲ್ಲಿ ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರು ಒಕ್ಕಲುತನ ಮಾಡುತ್ತಿದ್ದಾಗ, ತೆನೆಗೆ ಎರಗಿದ ಹಕ್ಕಿಗಳನ್ನು ಓಡಿಸದೆ ಅವುಗಳಿಗೆ ನೀರನ್ನೂ ಇರಿಸುತ್ತಿದ್ದರೆಂದು ಜನರು ಇಂದಿಗೂ ಹೇಳುತ್ತಾರೆ. ಮುಂದೆ ಅವರು ಕಲಬುರಗಿಯಲ್ಲಿ ನೆಲೆಸಿ ದಾಸೋಹಕ್ಕೆ ಹೆಸರಾದರು.

ಹಂಚಿ ಉಣ್ಣುವುದಕ್ಕೂ ಸುಖಕ್ಕೂ ಇರುವ ಸಂಬಂಧವನ್ನು ಇಂದು ವಿದ್ವಾಂಸರೂ ಗುರುತಿಸಿದ್ದಾರೆ. ಇತರರೊಡನೆ ಕೂಡಿ ಉಣ್ಣುವವರು ತಮ್ಮ ಬದುಕಿನ ಬಗೆಗೆ ಹೆಚ್ಚು ತೃಪ್ತರಾಗಿರುತ್ತಾರೆಂದು 2025ರ ಸಂತೋಷ ವರದಿ ತಿಳಿಸುತ್ತದೆ. ಅದೇ ವರದಿಯಂತೆ, 2023ರಲ್ಲಿ ಅಮೆರಿಕದಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಹಿಂದಿನ ದಿನದ ಊಟಗಳನ್ನೆಲ್ಲ ಒಂಟಿಯಾಗಿಯೇ ಮಾಡಿದ್ದರು. 2003ಕ್ಕೆ ಹೋಲಿಸಿದರೆ ಇಂಥವರ ಪ್ರಮಾಣ ಶೇಕಡಾ 53ರಷ್ಟು ಹೆಚ್ಚಿತ್ತು. ಆ ವರದಿಯ ಇನ್ನೊಂದು ಮಾತೂ ಗಮನಾರ್ಹ. ಕಳೆದುಹೋದ ಹಣದ ಚೀಲವನ್ನು ಜನರು ಮರಳಿಸುವ ಪ್ರಮಾಣವು, ಮರಳಿಸಿಯಾರೆಂದು ನಾವು ಎಣಿಸುವುದಕ್ಕಿಂತ ಸುಮಾರು ಎರಡು ಪಟ್ಟು. ಎಂದರೆ, ನೆರೆಯವರು ನಾವು ತಿಳಿದಿರುವುದಕ್ಕಿಂತ ಒಳ್ಳೆಯವರು.

ಹಾಗೆಂದು, ಹಂಚಿ ಉಂಡರೆ ಸಾಕು, ಬೇರೇನೂ ಬೇಡವೆಂದು ತಿಳಿಯಲಾಗದು. ಬುತ್ತಿಯಲ್ಲಿ ರೊಟ್ಟಿಯಿದ್ದರೆ ತಾನೆ ಹಂಚುವ ಮಾತು! ಕಲಬುರಗಿ ಸೀಮೆಯ ಬಹುಪಾಲು ಬೇಸಾಯಕ್ಕೆ ಮಳೆಯೇ ಆಧಾರ. 2022ರ ಹಂಗಾಮಿನಲ್ಲಿ ನೆಟೆರೋಗ ತಗುಲಿ ಜಿಲ್ಲೆಯ ತೊಗರಿ ಬಹಳ ಕಡೆ ನಿಂತಲ್ಲೇ ಒಣಗಿತು. ಕೆಲಸವನ್ನರಸಿ ಎಷ್ಟೋ ಕುಟುಂಬಗಳು ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರುಗಳಿಗೆ ವಲಸೆ ಹೋಗುತ್ತವೆ. ಸುಖಕ್ಕೆ ಹೆಸರಾದ ಭೂತಾನದಿಂದಲೂ ಈಚಿನ ವರ್ಷಗಳಲ್ಲಿ ಅನೇಕ ತರುಣರು ದುಡಿಮೆಗಾಗಿ ಆಸ್ಟ್ರೇಲಿಯಕ್ಕೆ ಹೋಗಿದ್ದಾರೆ. ಆದುದರಿಂದ ಶಿಕ್ಷಣ, ಆರೋಗ್ಯ, ಉದ್ಯೋಗಗಳು ಸುಖದ ಬುನಾದಿಯೆಂಬುದನ್ನು ಮರೆಯಬಾರದು. 2013ರಲ್ಲಿ ಜಾರಿಗೆ ಬಂದ ಸಂವಿಧಾನದ 371 (ಜೆ) ವಿಧಿಯು ಈ ಪ್ರದೇಶದವರಿಗೆ ಶಿಕ್ಷಣ ಮತ್ತು ಉದ್ಯೋಗಗಳಲ್ಲಿ ವಿಶೇಷ ಅವಕಾಶವನ್ನು ಒದಗಿಸಿದುದು ಈ ಕಾರಣದಿಂದಲೇ.

ಬುತ್ತಿ ತುಂಬಿದ್ದರೂ ಸಾಲದು. ಪಂಕ್ತಿಯಲ್ಲಿ ಎಲ್ಲರಿಗೂ ಎಡೆಯಿರಬೇಕು. ಜಾತಿಯ ಹೆಸರಿನಲ್ಲಿ ಒಬ್ಬನನ್ನು ದೂರ ಕುಳ್ಳಿರಿಸಿದ ಊಟವು ಹೊಟ್ಟೆಯನ್ನು ತುಂಬಿಸೀತೇ ಹೊರತು ಸುಖವನ್ನು ಕೊಡಲಾರದು. ಶರಣರು ಕುಲಭೇದವನ್ನು ವಿರೋಧಿಸಿದುದರ ಮರ್ಮವೂ ಇದೇ.

ನಾಡುನಾಡಿಗೆ ಸುಖದ ಹೆಸರು ಬೇರೆ, ರುಚಿ ಬೇರೆ. ಆದರೆ ತನ್ನೊಬ್ಬನಿಗಾಗಿಯೇ ಬಚ್ಚಿಟ್ಟುಕೊಂಡ ಸುಖ ಬಹುಕಾಲ ನಿಲ್ಲದೆಂಬುದನ್ನು ಅವೆಲ್ಲವೂ ಒಂದಲ್ಲ ಒಂದು ಬಗೆಯಲ್ಲಿ ಕಲಿಸುತ್ತವೆ. ಹೊಲಕ್ಕೆ ಹೋದ ಬುತ್ತಿಯು ಹಂಚಿದಷ್ಟೂ ಬರಿದಾಗುತ್ತದೆ. ಹಂಚಿದವರ ಮನಸ್ಸು ಮಾತ್ರ ತುಂಬುತ್ತ ಹೋಗುತ್ತದೆ.

ಪ್ರಶ್ನೆಗಳು
1. ‘ಇಕಿಗಾಯ್’ ಮತ್ತು ‘ಉಬುಂಟು’ ಎಂಬ ಮಾತುಗಳ ಭಾವವೇನು?
2. ಚರಗ ಚೆಲ್ಲುವುದೆಂದರೇನು? ಅದರ ಹಿಂದಿರುವ ಮನೋಭಾವವನ್ನು ವಿವರಿಸಿರಿ.
3. ಹಂಚಿ ಉಣ್ಣುವುದೊಂದೇ ಸುಖಕ್ಕೆ ಸಾಲದೆಂದು ಲೇಖಕರು ಹೇಳುವುದೇಕೆ?
4. ನಿಮ್ಮ ಊರಿನಲ್ಲಿ ಜನರು ಕೂಡಿ ಮಾಡುವ ಒಂದು ಕೆಲಸ ಅಥವಾ ಹಬ್ಬವನ್ನು ಕುರಿತು ಹತ್ತು ವಾಕ್ಯಗಳಲ್ಲಿ ಬರೆಯಿರಿ.