ಹೊಸ ಕಾರು ಕೊಳ್ಳುವವರಿಗೆ: ಪೂಜೆಯ ದಿನ ಆಮೇಲೆ ನೋಡಿ, ಕೊಟೇಶನ್ ಮೊದಲು ಕೇಳಿ

ಉಜಿರೆ: ಬೆಳ್ತಂಗಡಿ ತಾಲೂಕಿನಲ್ಲಿ ಹೊಸ ಕಾರು ತೆಗೆದರೆ ಮೊದಲ ಓಟ ಹೆಚ್ಚಾಗಿ ಧರ್ಮಸ್ಥಳಕ್ಕೋ ಸೌತಡ್ಕಕ್ಕೋ. ಅದರಲ್ಲಿ ತಪ್ಪೇನಿಲ್ಲ. ಆದರೆ ಕೆಲವು ಮನೆಗಳಲ್ಲಿ ಪೂಜೆಯ ದಿನ ಮೊದಲು ನಿಶ್ಚಯವಾಗ್ತದೆ, ಕಾರಿನ ದರದ ಮಾತು ಆಮೇಲೆ ಬರ್ತದೆ. "ಬರುವ ಶುಕ್ರವಾರಕ್ಕೆ ಗಾಡಿ ಬೇಕೇ ಬೇಕು" ಎಂದು ಶೋರೂಂನಲ್ಲಿ ಹೇಳಿದರೆ ಚೌಕಾಸಿಯ ಬಲ ಅಲ್ಲಿಗೇ ಅರ್ಧ ಹೋಯಿತು. ಅಡಿಕೆ ಮಾರಿ, ಸಂಬಳದಲ್ಲಿ ಉಳಿಸಿ ಕೂಡಿಟ್ಟ ಹಣ ಅವಸರದಲ್ಲಿ ಸೋರಿ ಹೋಗಬಾರದಲ್ಲ?

"ಎಷ್ಟು ಬಿಡ್ತೀರಿ?" ಎಂದಷ್ಟೇ ಕೇಳಿದರೆ ಸಾಲದು

ಹೀಗೆ ಕೇಳಿದವರಿಗೆ ಒಂದು ಕಡೆ 20 ಸಾವಿರ ಬಿಟ್ಟು, ಇನ್ನೊಂದು ಕಡೆ ಅಷ್ಟನ್ನೇ ಸೇರಿಸುವುದು ಕಷ್ಟವಲ್ಲ. ಕೇಳಬೇಕಾದದ್ದು ಆನ್‌ರೋಡ್ ದರದ ವಿವರ. ಎಕ್ಸ್‌ಶೋರೂಂ ಬೆಲೆ, ರಸ್ತೆ ತೆರಿಗೆ, ನೋಂದಣಿ, ವಿಮೆ, ಫಾಸ್ಟ್ಯಾಗ್, ಆಕ್ಸೆಸರಿಗಳು, ವಿಸ್ತರಿತ ವಾರಂಟಿ – ಪ್ರತಿಯೊಂದಕ್ಕೂ ಬೇರೆ ಬೇರೆ ಸಾಲು ಇರುವ ಲಿಖಿತ ಕೊಟೇಶನ್. ಮಂಗಳೂರು, ಪುತ್ತೂರು, ಬಿ.ಸಿ.ರೋಡ್ ಕಡೆಯ ಎರಡು ಮೂರು ಡೀಲರ್‌ಗಳಿಂದ ಒಂದೇ ಮಾಡೆಲ್, ಒಂದೇ ವೇರಿಯೆಂಟ್‌ಗೆ ಇಂಥ ಕೊಟೇಶನ್ ತಂದು ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ತನ್ನಿಂತಾನೇ ಕಾಣ್ತದೆ.

"ನಮ್ಮ ಭಾವನಿಗೆ ಇಷ್ಟಕ್ಕೆ ಸಿಕ್ಕಿತ್ತು" ಎಂಬ ಹಳೆಯ ಲೆಕ್ಕ ಈಗ ಹಿಡಿಯುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ.18ಕ್ಕೆ ಇಳಿದಿದೆ, ದೊಡ್ಡ ಕಾರುಗಳಿಗೆ ಶೇ.40 ಆಗಿ ಸೆಸ್ ಹೋಗಿದೆ.

ಚೌಕಾಸಿ ಎಲ್ಲಿ ನಡೆಯುವುದಿಲ್ಲ?

ಸರಕಾರಕ್ಕೆ ಹೋಗುವ ಹಣದಲ್ಲಿ ಡೀಲರ್ ಏನೂ ಬಿಡಲಾರ. ಕರ್ನಾಟಕದಲ್ಲಿ ಪೆಟ್ರೋಲ್, ಡೀಸೆಲ್ ಕಾರಿನ ಆಜೀವ ತೆರಿಗೆ 5 ಲಕ್ಷದವರೆಗೆ ಶೇ.13, 10 ಲಕ್ಷದವರೆಗೆ ಶೇ.14, 20 ಲಕ್ಷದವರೆಗೆ ಶೇ.17, ಅದರ ಮೇಲೆ ಶೇ.18. ಈ ತೆರಿಗೆಯ ಮೇಲೆ ಮತ್ತೆ ಶೇ.11 ಸೆಸ್. 8 ಲಕ್ಷದ ಕಾರಾದರೆ ತೆರಿಗೆ 1,12,000, ಸೆಸ್ 12,320. ಒಟ್ಟು 1,24,320 ರೂ. ಇದನ್ನು ಮನೆಯಲ್ಲೇ ಲೆಕ್ಕ ಹಾಕಿಕೊಂಡು ಹೋದರೆ ಕೊಟೇಶನ್‌ನಲ್ಲಿ ಹೆಚ್ಚು ಬರೆದಿದ್ದರೆ ಕೂಡಲೇ ಗೊತ್ತಾಗ್ತದೆ.

10 ಲಕ್ಷದ ಗೆರೆಯ ಹತ್ತಿರ ಇರುವವರು ವಿಶೇಷ ಗಮನಿಸಬೇಕು. 9.95 ಲಕ್ಷದ ವೇರಿಯೆಂಟ್‌ಗೆ ತೆರಿಗೆ, ಸೆಸ್ ಸೇರಿ ಸುಮಾರು 1.55 ಲಕ್ಷ. 10.05 ಲಕ್ಷದ್ದಕ್ಕೆ ಸುಮಾರು 1.90 ಲಕ್ಷ. ಬೆಲೆಯಲ್ಲಿ 10 ಸಾವಿರದ ಅಂತರ, ತೆರಿಗೆಯಲ್ಲಿ 35 ಸಾವಿರದ ಅಂತರ! 10 ಲಕ್ಷ ದಾಟಿದರೆ ಶೇ.1 ಟಿಸಿಎಸ್ ಕೂಡ ಕಟ್ಟಬೇಕು. ಅದನ್ನು ಮಾತ್ರ ಆದಾಯ ತೆರಿಗೆ ರಿಟರ್ನ್‌ನಲ್ಲಿ ತೋರಿಸಿ ಹೊಂದಿಸಿಕೊಳ್ಳಬಹುದು.

ಎಲ್ಲಿ ನಡೆಯುತ್ತದೆ?

ವಿಮೆ: ಶೋರೂಂನಲ್ಲೇ ಮಾಡಿಸಬೇಕೆಂಬ ಕಡ್ಡಾಯ ಇಲ್ಲ. ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಅದರ ದರ ಎಲ್ಲ ಕಂಪೆನಿಗಳಲ್ಲೂ ಒಂದೇ. ಸ್ವಂತ ಕಾರಿನ ಹಾನಿಗೆ ಮಾಡುವ ವಿಮೆಯ ದರ ಮಾತ್ರ ಕಂಪೆನಿಯಿಂದ ಕಂಪೆನಿಗೆ ಬೇರೆ. ಹೊರಗಿನ ಏಜೆಂಟರ ಬಳಿ ಅಥವಾ ಆನ್‌ಲೈನ್‌ನಲ್ಲಿ ದರ ನೋಡಿ ಶೋರೂಂನಲ್ಲಿ ತೋರಿಸಿ. ಹಲವು ಬಾರಿ ಅಲ್ಲೇ ಇಳಿಸ್ತಾರೆ. ಹೋಲಿಸುವಾಗ ಐಡಿವಿ ಒಂದೇ ಇರಲಿ. ಹಳೆ ಕಾರಿನ ನೋ ಕ್ಲೈಮ್ ಬೋನಸ್ ಇದ್ದರೆ ಹೊಸದಕ್ಕೆ ವರ್ಗಾಯಿಸಬಹುದು, ಅದು ಶೇ.50ರವರೆಗೂ ಇರುತ್ತದೆ.

ಹ್ಯಾಂಡ್ಲಿಂಗ್ ಚಾರ್ಜ್: ಇದು ಸರಕಾರದ ಶುಲ್ಕವಲ್ಲ. ಕೊಟೇಶನ್‌ನಲ್ಲಿ ಕಂಡರೆ ತೆಗೆಯಲು ಹೇಳಿ. ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟನ್ನೂ 2019ರ ಏಪ್ರಿಲ್ 1ರ ಬಳಿಕದ ಹೊಸ ವಾಹನಗಳಿಗೆ ಕಂಪೆನಿಯೇ ಕೊಡಬೇಕು.

ಆಕ್ಸೆಸರಿ: ಮ್ಯಾಟ್, ಸೀಟ್ ಕವರ್, ಕೋಟಿಂಗ್ ಎಂದು ಸಾವಿರಾರು ರೂಪಾಯಿಯ ಪ್ಯಾಕೇಜ್ ಹೇಳ್ತಾರೆ. ಬೇಕಾದ್ದನ್ನು ಮಾತ್ರ ಆರಿಸಿ. "ಫ್ರೀ ಆಕ್ಸೆಸರಿ"ಗಿಂತ ಅಷ್ಟೇ ಹಣ ಬಿಲ್‌ನಲ್ಲಿ ಕಡಿಮೆಯಾದರೆ ಲಾಭ.

ರಿಯಾಯಿತಿ: ಕ್ಯಾಶ್ ಡಿಸ್ಕೌಂಟ್, ಎಕ್ಸ್‌ಚೇಂಜ್ ಬೋನಸ್, ಕಾರ್ಪೊರೇಟ್ ಡಿಸ್ಕೌಂಟ್ – ಮೂರನ್ನೂ ಬೇರೆ ಬೇರೆ ಕೇಳಿ. ಶಿಕ್ಷಕರು, ಬ್ಯಾಂಕ್ ಮತ್ತು ಸರಕಾರಿ ನೌಕರರಿಗೆ ಅನೇಕ ಕಂಪೆನಿಗಳ ರಿಯಾಯಿತಿ ಇರುತ್ತದೆ. ಉಜಿರೆಯಂಥ ಶಾಲೆ ಕಾಲೇಜುಗಳ ಊರಿನಲ್ಲಿ ಇದು ಹಲವರಿಗೆ ಸಿಗಬಹುದು, ಆದರೆ ಕೇಳದಿದ್ದರೆ ಹೇಳುವವರು ಕಡಿಮೆ.

ಹಳೆ ಕಾರು: ಹೊಸ ಕಾರಿನ ದರ ಮುಗಿಯುವವರೆಗೆ ಹಳೆಯದರ ಮಾತು ಬೇಡ. ಎರಡೂ ಒಟ್ಟಿಗೆ ಮಾತಾಡಿದರೆ ಯಾವುದರಲ್ಲಿ ಲಾಭ, ಯಾವುದರಲ್ಲಿ ನಷ್ಟ ಎಂದು ತಿಳಿಯುವುದಿಲ್ಲ. ಮೊದಲೇ ಹೊರಗೆ ಎರಡು ಕಡೆ ಹಳೆ ಕಾರಿಗೆ ಬೆಲೆ ಕಟ್ಟಿಸಿ ಇಟ್ಟುಕೊಳ್ಳಿ.

ಸಾಲದ ಬಡ್ಡಿ ನೋಡದೆ ಸಹಿ ಬೇಡ

ಚೌಕಾಸಿಯಲ್ಲಿ ಗೆದ್ದ 25 ಸಾವಿರ ಸಾಲದಲ್ಲಿ ಸೋತು ಹೋಗಬಹುದು. 6 ಲಕ್ಷ ಸಾಲ, 5 ವರ್ಷ, ಶೇ.9 ಬಡ್ಡಿ ಎಂದಿಟ್ಟುಕೊಳ್ಳಿ. ಉಳಿದ ಅಸಲಿನ ಮೇಲೆ ಬಡ್ಡಿಯಾದರೆ ಕಂತು ಸುಮಾರು 12,455 ರೂ., ಒಟ್ಟು ಬಡ್ಡಿ ಸುಮಾರು 1.47 ಲಕ್ಷ. ಅದೇ ಶೇ.9 ಫ್ಲ್ಯಾಟ್ ಬಡ್ಡಿಯಾದರೆ ಕಂತು 14,500, ಬಡ್ಡಿ 2.70 ಲಕ್ಷ. ಆದ್ದರಿಂದ "ಕಂತು ಎಷ್ಟು?" ಎಂಬುದರ ಜತೆ "ಫ್ಲ್ಯಾಟಾ, ರೆಡ್ಯೂಸಿಂಗಾ?" ಎಂದೂ ಕೇಳಬೇಕು. ಮೊದಲು ತಮ್ಮ ಬ್ಯಾಂಕಿನಲ್ಲಿ ವಿಚಾರಿಸಿ ಹೋಗುವುದು ಒಳ್ಳೆಯದು.

ಬುಕ್ಕಿಂಗ್ ಹಣ ಕೊಡುವ ಮುನ್ನ

ಒಪ್ಪಿದ ಆನ್‌ರೋಡ್ ದರ, ಬಣ್ಣ, ವೇರಿಯೆಂಟ್, ತಯಾರಾದ ತಿಂಗಳು, ಡೆಲಿವರಿ ದಿನ, ಬುಕ್ಕಿಂಗ್ ರದ್ದಾದರೆ ಹಣ ವಾಪಸಿನ ಷರತ್ತು – ಎಲ್ಲವೂ ಬರಹದಲ್ಲಿರಲಿ, ರಶೀದಿ ಇರಲಿ. ಡಿಸೆಂಬರ್‌ನಲ್ಲಿ ರಿಯಾಯಿತಿ ಹೆಚ್ಚು ಸಿಗ್ತದೆ ನಿಜ. ಆದರೆ ಜನವರಿ ಬಂದ ಕೂಡಲೇ ಆ ಕಾರು "ಕಳೆದ ವರ್ಷದ ಗಾಡಿ" ಆಗ್ತದೆ, ಮಾರುವಾಗ ಬೆಲೆ ಕಡಿಮೆ. ಹತ್ತು ವರ್ಷ ಓಡಿಸುವವರಿಗೆ ಲಾಭ, ಮೂರು ವರ್ಷಕ್ಕೆ ಬದಲಿಸುವವರಿಗೆ ಅಲ್ಲ.

ನೋಂದಣಿಗೆ ಮುಂಚೆಯೇ ಹಗಲು ಬೆಳಕಿನಲ್ಲಿ ಕಾರನ್ನು ಸುತ್ತ ನೋಡಿ, ಚಾಸಿಸ್ ನಂಬರ್ ತಾಳೆ ಮಾಡಿ. ನೋಂದಣಿಯಾದ ಮೇಲೆ ಕಾರು ಬದಲಿಸಿ ಕೊಡಿ ಎನ್ನುವುದು ಕಷ್ಟ. ಮಾತಿಗೆ ತಪ್ಪಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿಯೂ ಕೈಯಲ್ಲಿ ಕಾಗದ ಇದ್ದವರ ಮಾತಿಗೇ ತೂಕ.

ಇಷ್ಟೆಲ್ಲ ಮುಗಿದು ಡೆಲಿವರಿ ದಿನ ಖಚಿತವಾದ ಮೇಲೆ ಪೂಜೆಗೆ ದಿನ ನೋಡಿದರಾಯಿತು.